ಜೆಟ್ ಎಂಜಿನ್: ದೋಷಕಾಲದ ಐಡಲ್ ಚಾಲನೆ

ಹಾರಾಟದ ನಡುವೆ ದೋಷ ತೋರಿದ ಜೆಟ್ ಎಂಜಿನನ್ನು ಪೂರ್ತಿಯಾಗಿ ನಿಲ್ಲಿಸದೆ, ಥ್ರಾಟಲನ್ನು ಹಿಂದಕ್ಕೆಳೆದು ಕನಿಷ್ಠ ವೇಗವಾದ ಐಡಲ್‌ನಲ್ಲಿ ಓಡಗೊಡುವ ಕ್ರಮ. ಪಿಸ್ಟನ್ ಎಂಜಿನ್ನುಗಳ ಯುಗದಲ್ಲಿ ಇದಕ್ಕೆ ಹೆಚ್ಚಿನ ಅವಕಾಶವಿರಲಿಲ್ಲ. ಕೆಟ್ಟ ಎಂಜಿನ್ನಿನ ಪ್ರೊಪೆಲರು ಗಾಳಿಯ ರಭಸಕ್ಕೆ ತಿರುಗುತ್ತ ವಿಮಾನವನ್ನು ಹಿಂದಕ್ಕೆ ಜಗ್ಗುತ್ತಿದ್ದುದರಿಂದ, ಎಂಜಿನನ್ನು ನಿಲ್ಲಿಸಿ ಪ್ರೊಪೆಲರಿನ ಅಲಗುಗಳ ಅಂಚನ್ನು ಗಾಳಿಗೆ ಎದುರಾಗಿ ತಿರುಗಿಸಿಡುವುದೇ ವೈಮಾನಿಕನ ಕರ್ತವ್ಯವಾಗಿತ್ತು.

ಜೆಟ್ ಎಂಜಿನ್ನಿನ ಸ್ವಭಾವ ಬೇರೆ. ಕಂಪ್ರೆಸರಿನಲ್ಲಿ ಗಾಳಿಯ ಹರಿವು ಕದಡಿ ಹಿಮ್ಮುಖವಾಗುವ ‘ಸರ್ಜ್’ ಎಂಬ ವಿಕಾರವು, ಸಿಡಿಲಿನಂಥ ಸದ್ದಿನಿಂದಲೂ ಹೊರಚಾಚುವ ಜ್ವಾಲೆಯಿಂದಲೂ ಎಷ್ಟೇ ಭಯಂಕರವಾಗಿ ತೋರಿದರೂ, ಇಂಧನವನ್ನು ತಗ್ಗಿಸಿದೊಡನೆ ಅನೇಕ ವೇಳೆ ಶಮನಹೊಂದುವುದುಂಟು. ಐಡಲ್‌ನಲ್ಲಿರುವ ಎಂಜಿನ್ ಗಣನೀಯ ನೂಕುಬಲವನ್ನು ಕೊಡದಿದ್ದರೂ ವಿದ್ಯುಜ್ಜನಕವನ್ನೂ ಹೈಡ್ರಾಲಿಕ್ ಪಂಪನ್ನೂ ನಡೆಸುತ್ತಿರುವುದು. ನಿಂತ ಎಂಜಿನ್ ಆಕಾಶದಲ್ಲಿ ಮತ್ತೆ ಹೊತ್ತಿಕೊಂಡೀತೆಂಬ ಭರವಸೆಯಾದರೋ ಇಲ್ಲ.

1989ರ ಜನವರಿ 8ರ ರಾತ್ರಿ ಲಂಡನ್ನಿನಿಂದ ಬೆಲ್‌ಫಾಸ್ಟಿಗೆ ಹೊರಟಿದ್ದ ಬೋಯಿಂಗ್ 737-400 ವಿಮಾನದ ಎಡ ಎಂಜಿನ್ನಿನಲ್ಲಿ ಫ್ಯಾನಿನ ಅಲಗೊಂದು ಮುರಿದು, ವಿಮಾನವೆಲ್ಲ ನಡುಗಿ, ಹೊಗೆಯ ವಾಸನೆ ಹಬ್ಬಿದಾಗ, ವೈಮಾನಿಕರು ದೋಷವು ಬಲ ಎಂಜಿನ್ನಿನದೆಂದು ಬಗೆದು ಅದರ ಥ್ರಾಟಲನ್ನು ಹಿಂದಕ್ಕೆಳೆದರು. ಸ್ವಯಂಚಾಲಿತ ಥ್ರಾಟಲನ್ನು ಬಿಡಿಸಿದ್ದರಿಂದ ಅದೇ ವೇಳೆಗೆ ಎಡ ಎಂಜಿನ್ನಿನ ವೇಗವೂ ಕೊಂಚ ತಗ್ಗಿ ಅದರ ಸರ್ಜ್ ಅಡಗಿತು. ಕಾಕತಾಳೀಯವಾದ ಈ ಉಪಶಮನವನ್ನೇ ತಮ್ಮ ನಿರ್ಣಯಕ್ಕೆ ಪ್ರಮಾಣವೆಂದು ತಿಳಿದು, ನಿರ್ದುಷ್ಟವಾದ ಬಲ ಎಂಜಿನನ್ನು ಅವರು ನಿಲ್ಲಿಸಿಬಿಟ್ಟರು. ಈಸ್ಟ್ ಮಿಡ್‌ಲ್ಯಾಂಡ್ಸ್ ನಿಲ್ದಾಣಕ್ಕೆ ಇಳಿಯುವಾಗ ಬಲವನ್ನು ಹೆಚ್ಚಿಸಿದೊಡನೆ ಎಡ ಎಂಜಿನ್ ಕುಸಿಯಿತು. ಇನ್ನೊಂದನ್ನು ಹೊತ್ತಿಸಲು ಕಾಲ ಉಳಿದಿರಲಿಲ್ಲ. ಕೆಗ್‌ವರ್ತ್ ಗ್ರಾಮದ ಬಳಿ ಹೆದ್ದಾರಿಯ ಏರಿಗೆ ವಿಮಾನ ಅಪ್ಪಳಿಸಿ, ಅದರಲ್ಲಿದ್ದ 126 ಮಂದಿಯಲ್ಲಿ 47 ಮಂದಿ ಮಡಿದರು. ಬಲ ಎಂಜಿನ್ ಐಡಲ್‌ನಲ್ಲಾದರೂ ಓಡುತ್ತಿದ್ದಿದ್ದರೆ ಕೆಲವೇ ಕ್ಷಣಗಳಲ್ಲಿ ಪೂರ್ಣಬಲ ದೊರೆಯಬಹುದಾಗಿತ್ತೆಂಬುದು ಈ ದುರಂತದ ಅತ್ಯಂತ ಶೋಚನೀಯವಾದ ಅಂಶ. ತಗ್ಗಿದ ವೇಗದ ಶಾಂತಿಯೂ ವಂಚಿಸಬಲ್ಲುದೆಂಬುದಕ್ಕೆ ಎಡ ಎಂಜಿನ್ನೇ ಸಾಕ್ಷಿ.

ಎಂಜಿನ್ ದೋಷಕ್ಕೆ ವೈಮಾನಿಕರು ತೋರುವ ಅನುಚಿತ ಪ್ರತಿಕ್ರಿಯೆಯನ್ನು ಕುರಿತು ವಿಮಾನೋದ್ಯಮವು ಸಿದ್ಧಪಡಿಸಿದ 1998ರ ವರದಿಯು, ಸರ್ಜಿನ ಗರ್ಜನೆಯನ್ನೂ ಕಂಪನವನ್ನೂ ಅಂದಿನ ಸಿಮ್ಯುಲೇಟರುಗಳು ಯಥಾರ್ಥವಾಗಿ ತೋರಿಸುತ್ತಿರಲಿಲ್ಲವೆಂಬುದನ್ನು ಎತ್ತಿಹೇಳಿತು. ಇಂದಿನ ಬೋಯಿಂಗ್ ಕೈಪಿಡಿಗಳಂತೆ, ಬೆಂಕಿ ಅಥವಾ ತೀವ್ರ ಹಾನಿಯ ಲಕ್ಷಣ ಕಂಡರೆ ಎಂಜಿನನ್ನು ನಿಲ್ಲಿಸತಕ್ಕದ್ದು. ಸರ್ಜ್ ಆದರೆ ಮೊದಲು ಥ್ರಾಟಲನ್ನು ತಗ್ಗಿಸಿ, ಸೂಚಕಗಳು ಹದಕ್ಕೆ ಬಾರದಿದ್ದಲ್ಲಿ ಮಾತ್ರ ನಿಲ್ಲಿಸತಕ್ಕದ್ದು.

ಎರಡೇ ಎಂಜಿನ್ನುಗಳಿಂದ ಸಾಗರ ದಾಟುವ ವಿಮಾನಗಳಿಗಾಗಿ ಅಮೆರಿಕ 2007ರಲ್ಲಿ ವಿಧಿಸಿದ ನಿಯಮಗಳು, ಬೇಕಾದ ಬಲವನ್ನು ಕೊಡದಿದ್ದರೂ ನಿಲ್ಲಿಸಲ್ಪಡದ ಎಂಜಿನನ್ನು ಹಾರಾಟದಲ್ಲಿ ನಿಂತ ಎಂಜಿನ್ನುಗಳ ಲೆಕ್ಕಕ್ಕೆ ಸೇರಿಸುವುದಿಲ್ಲ. ಆದುದರಿಂದ ಆ ಲೆಕ್ಕವೊಂದನ್ನೇ ನೋಡಿ ಎಂಜಿನ್ನಿನ ವಿಶ್ವಾಸಾರ್ಹತೆಯನ್ನು ಅಳೆಯುವುದು ಯುಕ್ತವಲ್ಲ. ಐಡಲ್‌ನಲ್ಲಿ ನಿಲ್ದಾಣ ಸೇರಿದ ಎಂಜಿನ್ನಿನ ವೃತ್ತಾಂತವನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕಾಗುತ್ತದೆ.