ಅರಸನನ್ನು ಕಾಡಿದ ಬ್ರಹ್ಮರಾಕ್ಷಸ

ಮಡಿಕೇರಿಗೆ ಬಂದ ಪ್ರವಾಸಿಗರು ರಾಜಾಸೀಟು ನೋಡಿ, ಕೋಟೆ ಸುತ್ತಿ, ಓಂಕಾರೇಶ್ವರ ದೇವಸ್ಥಾನದ ಬಾಗಿಲಿಗೆ ಬರುವ ಹೊತ್ತಿಗೆ ಒಂದು ಪುಟ್ಟ ಕಥೆ ಅವರ ಕಿವಿಗೆ ಬಿದ್ದೇ ಬೀಳುತ್ತದೆ. ಅರಸ ಲಿಂಗರಾಜೇಂದ್ರ ತನ್ನ ಅಧಿಕಾರದ ಹಂಬಲಕ್ಕಾಗಿ ಸದಾಚಾರಿ ಬ್ರಾಹ್ಮಣನೊಬ್ಬನನ್ನು ಕೊಲ್ಲಿಸಿದ. ಸತ್ತವನು ಬ್ರಹ್ಮರಾಕ್ಷಸನಾಗಿ ಹಗಲೂ ರಾತ್ರಿ ಅರಸನನ್ನು ಕಾಡತೊಡಗಿದ. ಬಲ್ಲವರು ಶಿವಾಲಯ ಕಟ್ಟಿಸಬೇಕೆಂದರು. ಅರಸ ಕಾಶಿಯಿಂದ ಲಿಂಗ ತರಿಸಿ 1820ರಲ್ಲಿ ಗುಡಿ ಕಟ್ಟಿಸಿದ. ಕಾಟ ನಿಂತಿತು.

ಕಥೆ ಇಷ್ಟೇ. ಹೇಳಲು ಎರಡು ನಿಮಿಷ ಸಾಕು. ಬರೆದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಇದಕ್ಕೆ ಆಸ್ಥಾನದ ಆಶ್ರಯ ಇರಲಿಲ್ಲ, ಪ್ರಕಾಶಕರೂ ಇರಲಿಲ್ಲ. ಹೇಳುವವರ ಬಾಯಿಗೆ ತಕ್ಕಂತೆ ಒಂದೆರಡು ವಿವರ ಬದಲಾಗುವುದುಂಟು. ಎಲುಬಿನ ಹಂದರ ಮಾತ್ರ ಹಾಗೇ ಉಳಿದಿದೆ. ಯಾರ ಹಂಗೂ ಇಲ್ಲದ ಇಂಥ ಪುಟ್ಟ ಭಯದ ಕಥೆಗಳು ಜನರನ್ನು ಏಕೆ ಇಷ್ಟು ಸೆಳೆಯುತ್ತವೆ? ಹೆದರುವುದರಲ್ಲಿ ಒಂದು ಸುಖವಿದೆ ಎಂಬುದು ಎಲ್ಲರಿಗೂ ಹೊಳೆಯುವ ಉತ್ತರ. ಅದು ನಿಜವೇ. ಆದರೆ ಮಡಿಕೇರಿಯ ಕಥೆಯನ್ನು ಕೊಡಗಿನ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದರೆ ಅಷ್ಟರಿಂದ ಸಮಾಧಾನವಾಗುವುದಿಲ್ಲ.

ಹಾಲೇರಿ ಮನೆತನದ ದೊಡ್ಡ ವೀರರಾಜೇಂದ್ರ 1809ರಲ್ಲಿ ತೀರಿಕೊಂಡ. ಅವನಿಗೆ ಪಟ್ಟದ ರಾಣಿಯಿಂದ ಗಂಡು ಮಕ್ಕಳಿರಲಿಲ್ಲ. ತನ್ನ ನಂತರ ಮಗಳು ದೇವಮ್ಮಾಜಿಗೆ ಗದ್ದುಗೆ ಸಲ್ಲಬೇಕೆಂಬುದು ಅವನ ಇಚ್ಛೆಯಾಗಿತ್ತು. ಅವಳಿನ್ನೂ ಬಾಲಕಿ. ರಾಜ್ಯಭಾರ ನೋಡಿಕೊಳ್ಳಲು ಬಂದ ಚಿಕ್ಕಪ್ಪ ಲಿಂಗರಾಜ ಕ್ರಮೇಣ ಅವಳನ್ನು ಬದಿಗೆ ಸರಿಸಿ, 1811ರಲ್ಲಿ ತಾನೇ ಅರಸನಾದ. 1820ರವರೆಗೆ ಆಳಿದ. ಅವನು ದಕ್ಷ ಆಡಳಿತಗಾರನೂ ಹೌದು. ಭೂಮಿಯ ಅಳತೆ, ಕಂದಾಯದ ಶಿಸ್ತು, ಅಧಿಕಾರಿಗಳ ನಡವಳಿಕೆಗೆ ಕಟ್ಟಳೆ ಹಾಕಿದ ಅವನ ಹುಕುಂನಾಮೆಯನ್ನು ಕೊಡಗಿನ ಇತಿಹಾಸಕಾರರು ಇಂದಿಗೂ ಉಲ್ಲೇಖಿಸುತ್ತಾರೆ.

ಹೀಗಿರುವಾಗ, ಲೇಖನಿಯೂ ಕಾಗದವೂ ಅರಸನ ಕೈಯಲ್ಲಿದ್ದವು. ಅಣ್ಣ ದೊಡ್ಡ ವೀರರಾಜೇಂದ್ರ ತನ್ನ ವಂಶದ ಚರಿತ್ರೆಯನ್ನು ‘ರಾಜೇಂದ್ರನಾಮೆ’ ಎಂಬ ಹೆಸರಿನಲ್ಲಿ ಬರೆಸಿದ್ದ. 1633ರಿಂದ 1807ರವರೆಗಿನ ಸಂಗತಿಗಳು ಅದರಲ್ಲಿವೆ. ತಮ್ಮನ ಹೆಸರು ಹುಕುಂನಾಮೆಯಲ್ಲಿ ಉಳಿಯಿತು. ಓಂಕಾರೇಶ್ವರ ಗುಡಿಯ ಬಾಗಿಲ ಬಳಿಯೂ ಅದರ ಇತಿಹಾಸ ಕೆತ್ತಿದ ತಾಮ್ರದ ತಗಡೊಂದಿದೆ. ಅರಸನ ಭಕ್ತಿ, ದಾನ, ಶಾಸನ ಎಲ್ಲಕ್ಕೂ ಬರಹದ ದಾಖಲೆ ಸಿಕ್ಕಿತು. ಗದ್ದುಗೆ ಹೇಗೆ ಕೈಬದಲಾಯಿತು, ಆ ದಾರಿಯಲ್ಲಿ ಯಾರು ನೊಂದರು ಎಂದು ಬರೆಯುವ ಕರಣಿಕ ಯಾವ ಅರಮನೆಯಲ್ಲಿದ್ದಾನು? ಆ ಮಾತಿಗೆ ಉಳಿದದ್ದು ದೆವ್ವದ ಬಾಯಿ ಒಂದೇ.

ಸತ್ತವನು ಬ್ರಾಹ್ಮಣನೇ ಆಗಬೇಕಾಗಿದ್ದೂ ಗಮನಿಸತಕ್ಕ ಸಂಗತಿ. ಬ್ರಹ್ಮಹತ್ಯೆ ಮಹಾಪಾತಕಗಳಲ್ಲೊಂದು, ಅದರ ದೋಷ ಅರಸನನ್ನೂ ಬಿಡುವುದಿಲ್ಲ ಎಂದು ಧರ್ಮಶಾಸ್ತ್ರ ಹೇಳುತ್ತಿತ್ತು. ಉಳುವವನೋ ಊಳಿಗದವನೋ ಸತ್ತು ದೆವ್ವವಾಗಿ ಬಂದಿದ್ದರೆ ಅರಸ ಕಾಶಿಗೆ ಆಳು ಕಳಿಸುತ್ತಿದ್ದನೇ? ಕಥೆ ಕಟ್ಟಿದವರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅರಸನಿಗಿಂತ ಮೇಲಿನ ಒಂದು ಕಾನೂನನ್ನು ಅವರು ಕಥೆಯೊಳಕ್ಕೆ ಕರೆತಂದರು. ಅದೇ ಕಥೆಯ ಬಲ, ಅದೇ ಅದರ ಮಿತಿ ಕೂಡ.

ಇಂಥ ಬುದ್ಧಿ ಕೊಡಗಿಗೆ ಮಾತ್ರ ಸೀಮಿತವಲ್ಲ. ಇಂಗ್ಲಿಷಿನ ಮೊದಲ ಭಯಾನಕ ಕಾದಂಬರಿ ಎನ್ನಿಸಿಕೊಂಡ ‘ಕ್ಯಾಸಲ್ ಆಫ್ ಒಟ್ರಾಂಟೊ’ 1764ರ ಕೊನೆಯಲ್ಲಿ ಹೊರಬಂದಾಗ ಹೋರೇಸ್ ವಾಲ್‌ಪೋಲ್ ಅದಕ್ಕೆ ತನ್ನ ಹೆಸರು ಹಾಕಲಿಲ್ಲ. ಯಾವುದೋ ಹಳೆಯ ಇಟಾಲಿಯನ್ ಪುಸ್ತಕದ ಅನುವಾದವೆಂದು ನಂಬಿಸಿದ. ಅದರ ವಸ್ತುವೂ ಇದೇ: ಅಜ್ಜ ಅನ್ಯಾಯವಾಗಿ ಕಿತ್ತುಕೊಂಡ ರಾಜ್ಯ, ಮೊಮ್ಮಗನನ್ನು ಬೆನ್ನಟ್ಟುವ ಅತಿಮಾನುಷ ಶಕ್ತಿ. ಇನ್ನು ಕಥೆ ಚಿಕ್ಕದಾಗಿರಬೇಕೆಂಬ ಮಾತಿಗೆ ಅಮೆರಿಕದ ಎಡ್ಗರ್ ಅಲನ್ ಪೋ 1842ರಲ್ಲಿ ಕಾರಣ ಕೊಟ್ಟ. ಒಂದೇ ಕೂರಿಕೆಯಲ್ಲಿ ಓದಿ ಮುಗಿಯದ ಬರಹದ ನಡುವೆ ಲೋಕದ ಜಂಜಾಟ ನುಗ್ಗುತ್ತದೆ, ಪರಿಣಾಮ ಒಡೆದುಹೋಗುತ್ತದೆ ಎಂಬುದು ಅವನ ವಾದ. ಆತನ ಮೊದಲ ಪುಸ್ತಕವೂ 1827ರಲ್ಲಿ ಹೆಸರಿಲ್ಲದೆಯೇ, ‘ಬಾಸ್ಟನ್ನಿನವನೊಬ್ಬ’ ಎಂಬ ಅಂಕಿತದಲ್ಲಿ ಬಂದಿತ್ತು. ಒಲೆಯ ಮುಂದೆ ಕೂತು ಕಥೆ ಹೇಳಿದ ನಮ್ಮ ಅಜ್ಜಿಯರಿಗೆ ಪೋ ಹೇಳಿದ ಸೂತ್ರ ತಿಳಿಸಬೇಕಾದ ಅಗತ್ಯವಿರಲಿಲ್ಲ. ಮಗುವಿಗೆ ನಿದ್ದೆ ಬರುವುದರೊಳಗೆ ಕಥೆ ಮುಗಿಯಬೇಕಿತ್ತು.

ಕೊಡಗಿನ ನೆಲವೂ ಇಂಥ ಕಥೆಗೆ ಹದವಾಗಿತ್ತು. ಇಲ್ಲಿ ಸತ್ತ ಹಿರಿಯರು ಮನೆ ಬಿಟ್ಟು ಹೋಗುವುದಿಲ್ಲ. ಕೊಡವರ ಐನ್‌ಮನೆಯ ಬಳಿ ಕೈಮಡವಿರುತ್ತದೆ; ಒಕ್ಕದ ಮೂಲಪುರುಷ ಗುರು ಕಾರೋಣನಿಗೆ ದೀಪ, ಎಡೆ ಸಲ್ಲುತ್ತವೆ. ಊರಿನ ತೆರೆಗಳಲ್ಲಿ ದೈವ ಮನುಷ್ಯನ ಮೈಮೇಲೆ ಬಂದು ಮಾತಾಡುತ್ತದೆ, ದೂರು ಕೇಳುತ್ತದೆ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಗಾದೆ, ಆಚರಣೆಗಳನ್ನು ಸಂಗ್ರಹಿಸಿ 1924ರಲ್ಲಿ ಹೊರತಂದ ‘ಪಟ್ಟೋಲೆ ಪಳಮೆ’ ಈ ಬಾಯಿಮಾತಿನ ಲೋಕಕ್ಕೆ ಅಚ್ಚಿನ ರೂಪ ಕೊಟ್ಟಿತು. ಸತ್ತವರಿಗೆ ಮಾತಾಡುವ ಹಕ್ಕಿದೆ ಎಂದು ನಂಬುವ ಸಮಾಜದಲ್ಲಿ, ಕೊಲೆಯಾದವನು ಸುಮ್ಮನಿರುತ್ತಾನೆ ಎಂಬುದೇ ನಂಬಲಾಗದ ಸಂಗತಿ.

ಅಚ್ಚಿನ ಸಣ್ಣಕಥೆ ಬಂದಾಗ ಭಯ ಬೇರೆ ದಾರಿ ಹಿಡಿಯಿತು. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿದ ಕೊಡಗಿನ ಗೌರಮ್ಮ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’ ಎಂಬ ಹೆಸರಿನಲ್ಲಿ ಕಥೆ ಬರೆದರು. 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡಾಗ ಅವರಿಗೆ ಇನ್ನೂ ಇಪ್ಪತ್ತೇಳು. ‘ಕಂಬನಿ’ ಸಂಕಲನ ಬಂದದ್ದು ಆ ಬಳಿಕ. ಅವರ ಕಥೆಗಳಲ್ಲಿ ದೆವ್ವಗಳಿಲ್ಲ. ವಿಧವೆಯನ್ನು, ಕೈಬಿಟ್ಟ ಹೆಣ್ಣನ್ನು ಕಾಡುವವರು ಬದುಕಿರುವವರೇ. ಆದರೂ ಅವು ಮಾಡಿದ್ದು ಆ ಹಳೆಯ ಕೆಲಸವನ್ನೇ: ಮನೆಯೊಳಗೆ ಯಾರೂ ದಾಖಲಿಸದ ಅನ್ಯಾಯವನ್ನು ನಾಲ್ಕು ಪುಟಗಳಲ್ಲಿ ಹೊರಗಿಟ್ಟವು. ದೆವ್ವಗಳೂ ನಾಡು ಬಿಡಲಿಲ್ಲ. 1947ರಲ್ಲಿ ಆರಂಭವಾಗಿ ಮುಂದೆ ಕನ್ನಡದಲ್ಲೂ ಬಂದ ‘ಚಂದಮಾಮ’ದ ಬೇತಾಳ ತಲೆಮಾರುಗಳನ್ನು ಹಿಡಿದಿಟ್ಟಿತು. ಆ ಬೇತಾಳವೂ ಅರಸನ ಹೆಗಲೇರಿ ನ್ಯಾಯದ ಪ್ರಶ್ನೆ ಕೇಳುವುದೇ ಎಂಬುದು ಆಕಸ್ಮಿಕವಲ್ಲ. 1990ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ ಮೂಡಿದ ‘ನಾಳೆ ಬಾ’ ಎಂಬ ಬರಹವನ್ನು ಕನ್ನಡದ ಅತಿ ಚಿಕ್ಕ ದೆವ್ವದ ಕಥೆ ಎನ್ನಬಹುದು. ಎರಡೇ ಪದ, ಕರ್ತೃ ಯಾರೋ.

ಇಂದು ಅಂಥ ಅನಾಮಿಕ ಕಥೆಗಾರನಿಗೆ ಅಚ್ಚುಕೂಟದ ಹಂಗಿಲ್ಲ. 2014ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಪ್ರತಿಲಿಪಿಯಂಥ ವೇದಿಕೆಗಳಲ್ಲಿ ಗೃಹಿಣಿಯರು, ವಿದ್ಯಾರ್ಥಿಗಳು, ನೌಕರರು ಕನ್ನಡದಲ್ಲೇ ಭಯದ ಕಥೆ ಬರೆಯುತ್ತಾರೆ. ಸಂಪಾದಕರ ಒಪ್ಪಿಗೆಗೆ ಕಾಯಬೇಕಿಲ್ಲ. ಪಾಳುಬಂಗಲೆ, ಬಿಳಿಸೀರೆ, ನಡುರಾತ್ರಿಯ ಗೆಜ್ಜೆ ಸದ್ದು ಇವೆಲ್ಲ ಒಂದು ಸಂಜೆಗೆ ಸಾಕು. ತಲೆಮಾರು ದಾಟುವ ಕಥೆಗೆ ಇನ್ನೊಂದು ಬೇಕು: ಇಂಥ ಊರು, ಇಂಥ ಬಾಗಿಲು, ಇಂಥವನು ಮಾಡಿದ ಇಂಥ ತಪ್ಪು.

ಬ್ರಹ್ಮರಾಕ್ಷಸನ ಕಥೆ ನ್ಯಾಯಾಲಯಕ್ಕೆ ಸಲ್ಲುವ ಪುರಾವೆಯಲ್ಲ. ಅರಸರ ಕ್ರೌರ್ಯದ ವರದಿಗಳನ್ನೂ ಎಚ್ಚರದಿಂದಲೇ ಓದಬೇಕು. ಲಿಂಗರಾಜನ ಮಗ ಚಿಕ್ಕವೀರರಾಜೇಂದ್ರನನ್ನು ಈಸ್ಟ್ ಇಂಡಿಯಾ ಕಂಪನಿ 1834ರಲ್ಲಿ ಪದಚ್ಯುತಗೊಳಿಸಿತು. ಅರಸರನ್ನು ಕೆಟ್ಟವರೆಂದು ತೋರಿಸಿದಷ್ಟೂ ಕಂಪನಿಗೆ ಅನುಕೂಲವಿತ್ತು. ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ 1855ರಲ್ಲಿ ಕೊಡಗಿನ ಅರಸರ ಬಗ್ಗೆ ನಿರ್ಭಯವಾಗಿ ಬರೆದದ್ದು ಅರಸೊತ್ತಿಗೆ ಮುಗಿದ ಮೇಲೆ. ಯಾವ ಬರಹ ಯಾರ ನೆರಳಲ್ಲಿ ಹುಟ್ಟಿತು ಎಂಬ ಪ್ರಶ್ನೆ ತಾಮ್ರದ ತಗಡಿಗೂ ಪಾದ್ರಿಯ ಪುಸ್ತಕಕ್ಕೂ ಸಮಾನವಾಗಿ ಅನ್ವಯಿಸುತ್ತದೆ. ಯಾರ ನೆರಳಲ್ಲೂ ಇಲ್ಲದೆ ಉಳಿದದ್ದು ಆ ಎರಡು ನಿಮಿಷದ ಕಥೆ.

ಲಿಂಗ ಕಾಶಿಯಿಂದ ಬಂತು. ಹದಿನಾಲ್ಕು ವರ್ಷಗಳ ನಂತರ ರಾಜ್ಯ ಕಳೆದುಕೊಂಡ ಮಗ ಸೆರೆಯಾಳಾಗಿ ಹೋದದ್ದು ಅದೇ ಕಾಶಿಗೆ. ಅಲ್ಲಿಂದ ಲಂಡನ್ನಿಗೆ ಹೋಗಿ 1859ರಲ್ಲಿ ತೀರಿಕೊಂಡ. ಬ್ರಹ್ಮರಾಕ್ಷಸನ ಕಾಟ ನಿಂತಿತೆಂದು ಕಥೆ ಹೇಳುತ್ತದೆ. ನಿಜವಾಗಿ ನಿಂತಿತೇ ಎಂದು ಕೇಳುವವನಿಗೆ ಮಡಿಕೇರಿಯ ಜನ ಇನ್ನೊಂದು ಕಥೆ ಹೇಳಿಯಾರು.