ನೀರಾಗ ಇಳಿದು ಪಾಯಾ ಹಾಕಿದಾಂವ

ನಮ್ಮ ಅಡಗಿಮನಿ ಗ್ವಾಡಿ ಬಿರುಕು ಬಿಟ್ಟದ್ದು ನಿಮಗೆಲ್ಲಾ ಗೊತ್ತದ. ಗೌಂಡಿ ನೋಡಿ ಅಂದಾ, "ಅಕ್ಕಾರ, ಗ್ವಾಡಿಗೆ ಏನೂ ಆಗಿಲ್ಲ, ಪಾಯಾ ಕುಸದೈತಿ. ಮ್ಯಾಲೆ ಸಿಮೆಂಟ್ ಮೆತ್ತಿದ್ರ ಮತ್ತ ಬಾಯಿ ಬಿಡತೈತಿ." ನಿಂತ ಗ್ವಾಡಿ ಕೆಳಗ ಪಾಯಾ ಹೆಂಗ ಹಾಕ್ತೀಯೋ ಅಂದೆ. "ಒಮ್ಮೆಲೆ ಅಗಿಯಾಂಗಿಲ್ರಿ. ಒಂದ ತುಂಡು ಅಗದು, ತುಂಬಿ, ಅದು ಗಟ್ಟಿ ಆದ ಮ್ಯಾಲೆ ಮುಂದಿಂದು."

ಇದನ್ನ ಕೇಳಿ ನನಗ ವಿಂಚೆಸ್ಟರ್ ಕ್ಯಾಥೆಡ್ರಲ್ ನೆನಪಾತು. ಇಂಗ್ಲೆಂಡಿನ ದಕ್ಷಿಣಕ್ಕಿರೋ ಈ ದೊಡ್ಡ ಚರ್ಚು 1079ರಾಗ ಕಟ್ಟಲಿಕ್ಕೆ ಸುರು ಮಾಡಿದ್ದು. ಭೂಮಿ ಹಸಿ, ಒಳಗ ಕೊಳತ ಗಿಡಗಂಟಿಯ ಮೆತ್ತನ ಮಣ್ಣು. ಮೂಡಣ ಭಾಗವನ್ನ ಮುಂದ ಕಟ್ಟಿದವರು ಮರದ ದಿಮ್ಮಿ ಹಾಸಿ ಅದರ ಮ್ಯಾಲೆ ಗ್ವಾಡಿ ಎಬ್ಬಿಸಿದ್ರು. ನೂರಾರು ವರ್ಷಕ್ಕ ಅದು ಕುಸಕೋತ ಬಂತು. 1905ರ ಹೊತ್ತಿಗೆ ದೊಡ್ಡ ದೊಡ್ಡ ಬಿರುಕು.

ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಕೆಳಗಿನ ಗಟ್ಟಿ ಗರಸಿನ ತನಕ ತಗ್ಗು ತೆಗಸಿದ್ರ ನೀರು ತುಂಬಿಕೊಳ್ತು. ಪಂಪ್ ಹಚ್ಚಿ ಎಳದ್ರ ನೀರಿನ ಜೋಡಿ ಸಣ್ಣ ಮಣ್ಣೂ ಬಂದು ಕಟ್ಟಡನ ಕುಸಿಯೋ ಭೀತಿ. ಕಡೀಗೆ ವಿಲಿಯಂ ವಾಕರ್ ಅನ್ನೋ ಮುಳುಗುಗಾರನ್ನ ಕರಸಿದ್ರು.

1906ರಿಂದ 1911ರ ತನಕ ಅಂವ ದಿನಾ ಸುಮಾರು ಆರು ತಾಸು ಆ ಕೆಸರು ನೀರಾಗ ಇಳದಾ. 20 ಫೂಟಿನ ತನಕ ಆಳ, ಕಣ್ಣಿಗೆ ಏನೂ ಕಾಣೂದಿಲ್ಲ; ಕೈಲೆ ಮುಟ್ಟಿ ಮುಟ್ಟಿನ ಕೆಲಸ. ಮೆತ್ತನ ಮಣ್ಣು ಕಡದು ತೆಗದು, ತಳಕ್ಕ ಕಾಂಕ್ರೀಟ್ ಚೀಲ ಹಾಸಿ ನೀರು ಬರದಂಗ ಮುಚ್ಚತಿದ್ದಾ. ಆಮ್ಯಾಲೆ ನೀರು ತೆಗದು ಉಳದ ಗೌಂಡಿಗಳು ಮ್ಯಾಲಿನ ತನಕ ಕಟ್ಟಿಕೋತ ಬರತಿದ್ರು. ಆ ಭಾರದ ಉಡುಪು ತೆಗದು ಹಾಕೂದರಾಗ ಹೊತ್ತು ಹೋಗ್ತದಂತ ಊಟದ ಹೊತ್ತಿಗೆ ತಲಿ ಟೊಪ್ಪಿಗಿ ಅಷ್ಟ ತೆಗೀತಿದ್ದನಂತ. 25 ಸಾವಿರಕ್ಕಿಂತ ಹೆಚ್ಚು ಚೀಲ, ಸುಮಾರು 9 ಲಕ್ಷ ಇಟ್ಟಂಗಿ ಹಿಡೀತು.

1912ರ ಜುಲೈ 15ಕ್ಕ ಐದನೇ ಜಾರ್ಜ್ ರಾಜಾನೇ ಬಂದು ದೇವರಿಗೆ ಕೃತಜ್ಞತಾ ಪೂಜಾ ನಡೀತು. ವಾಕರ್ 1918ರ ಫ್ಲೂ ಬ್ಯಾನ್ಯಾಗ ಹೋದಾ.

ಮುಂದ ಎಷ್ಟೋ ವರ್ಷಕ್ಕ ಅವನ ಮೂರ್ತಿ ಇಟ್ರು. ನೋಡಿದ್ರ ಮಾರಿ ಇಂಜಿನಿಯರ್ ಫಾಕ್ಸಂದು! ಫೋಟೋ ಅದಲಬದಲ ಆಗಿತ್ತು. ಸರಿ ಮೂರ್ತಿ ಬಂದದ್ದು 2001ಕ್ಕ.

ಕೆಳಗ ನಿಂತು ಎತ್ತಿ ಹಿಡದವರ ಮಾರಿ ಯಾರ ನೆನಪಿಡ್ತಾರ ಹೇಳ್ರಿ? ನಾನರೆ ಏನು ಕಡಿಮಿ, ನಮ್ಮ ಗೌಂಡಿ ಹೆಸರು ಇನ್ನೂ ಕೇಳಿಲ್ಲ. ನಾಳೆ ಚಹಾ ಕೊಡೂವಾಗ ಮೊದಲ ಅದನ್ನ ಕೇಳ್ತೀನಿ.