ಹೋದವರ ಸುದ್ದಿ, ಉಳಿದವರ ಸುದ್ದಿ

ಹುಲ್ಲಹಳ್ಳಿ ಕಡೆಯ ಹುಡುಗನೊಬ್ಬ ಚರ್ಚಿನ ತಂಡದ ಜೊತೆ ಆರು ತಿಂಗಳ ಸೇವೆಗೆಂದು ವಿದೇಶಕ್ಕೆ ಹೊರಟಾಗ ಸುದ್ದಿ ಮಾಡಿದ್ದು ನಾವೇ. ಒಂದು ಫೋಟೊ, ಎಂಟು ಸಾಲು. ಹುಡುಗನ ಮಾತು ಎರಡು ಸಾಲು, ಸಭಾಪಾಲಕರ ಮಾತು ಎರಡು ಸಾಲು, ಮಿಕ್ಕಿದ್ದು ಬೀಳ್ಕೊಡುಗೆಗೆ ಬಂದಿದ್ದವರ ಹೆಸರು. ವಾರ ಕಳೆದ ಮೇಲೆ ಬಸ್ ಸ್ಟ್ಯಾಂಡಿನಲ್ಲಿ ಆ ಹುಡುಗನ ತಾಯಿ ಸಿಕ್ಕರು. 'ಪೇಪರ್ ನೋಡ್ದೆ ಕಣಪ್ಪ, ಚೆನ್ನಾಗ್ ಬಂದದೆ. ನನ್ನೂ ಒಂದ್ ಮಾತ್ ಕೇಳ್ಬೌದಾಗಿತ್ತು' ಅಂದರು. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಆದರೂ ನಂಜನಗೂಡಿನ ಬಸ್ ಹತ್ತಿ ಕೂತ ಮೇಲೆ ಅದು ನಮ್ಮನ್ನು ಬಿಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಜುಲೈ 1 ಬಂತು, ಪತ್ರಿಕಾ ದಿನಾಚರಣೆ. ಎಲ್ಲ ತಾಲ್ಲೂಕುಗಳಲ್ಲಿ ಮಾಡುವಂತೆ ನಾವೂ ಹರ್ಮನ್ ಮೋಗ್ಲಿಂಗ್ ಫೋಟೊಗೆ ಹಾರ ಹಾಕಿದೆವು. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರತಂದವರು ಅವರು. ಬಾಸೆಲ್ ಮಿಷನ್ನಿನ ಕಲ್ಲಚ್ಚಿನಲ್ಲಿ ಮುದ್ರಣವಾಗಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ಪತ್ರಿಕೆ. ಮರುವರ್ಷ ಅದು ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ' ಆಯಿತು. ಇಷ್ಟು ಪತ್ರಿಕೋದ್ಯಮ ಓದಿದ ನಮಗೆಲ್ಲ ಬಾಯಿಪಾಠ.

ಮೋಗ್ಲಿಂಗ್ ಕೂಡ ಚರ್ಚಿನ ಸೇವೆಗೆಂದು ಊರು ಬಿಟ್ಟ ಹುಡುಗನೇ. ಹುಟ್ಟಿದ್ದು 1811ರಲ್ಲಿ, ಜರ್ಮನಿಯ ಬ್ರಾಕನ್‌ಹೈಮ್ ಎಂಬ ಊರಿನಲ್ಲಿ. ಮಂಗಳೂರಿಗೆ ಬಂದಿಳಿದಾಗ ವಯಸ್ಸು 25. ಪತ್ರಿಕೆ ಶುರು ಮಾಡಿದಾಗ 32, ಹೆಚ್ಚು ಕಡಿಮೆ ಈಗಿನ ನಮ್ಮ ವಯಸ್ಸು. ಅವರ ಹಿಂದೆಯೇ 1853ರಲ್ಲಿ ಬಂದ ಫರ್ಡಿನಾಂಡ್ ಕಿಟ್ಟೆಲ್‌ಗೆ ಆಗ 21. ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಹೊರಬಂದದ್ದು ಆ ಹುಡುಗನಿಂದ. ಧರ್ಮ ಹೇಳಲು ಬಂದವರು ನಮ್ಮ ಭಾಷೆ ಕಲಿತು, ಭಾಷೆಗೆ ದೊಡ್ಡ ಕೆಲಸ ಮಾಡಿ ಹೋದರು. ಅವರನ್ನು ನೆನೆಯುವುದರಲ್ಲಿ ತಪ್ಪೇನಿಲ್ಲ.

ಆದರೆ ಅದೇ ಮಂಗಳೂರಿನಿಂದ, ಅದೇ ಕಾಲದಲ್ಲಿ, ಎದುರು ದಿಕ್ಕಿಗೆ ಹೋದ ಒಬ್ಬ ಹುಡುಗನಿದ್ದಾನೆ. ಆನಂದರಾವ್ ಕೌಂಡಿನ್ಯ. ಪತ್ರಿಕಾ ದಿನದ ಯಾವ ಭಾಷಣದಲ್ಲೂ ಆ ಹೆಸರು ನಮಗೆ ಕೇಳಿಸಿಲ್ಲ.

ಆನಂದರಾವ್ ಹುಟ್ಟಿದ್ದು 1825ರಲ್ಲಿ, ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಓದಿದ್ದು ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ. ಮೋಗ್ಲಿಂಗ್ ಅವರ ಒಡನಾಟ ಬೆಳೆದದ್ದು ಅಲ್ಲೇ. 1844ರ ಜನವರಿಯಲ್ಲಿ, ಅಂದರೆ 'ಮಂಗಳೂರ ಸಮಾಚಾರ' ಶುರುವಾಗಿ ಆರು ತಿಂಗಳಿಗೆ, ಆನಂದರಾವ್ ಮತ್ತು ಇನ್ನಿಬ್ಬರು ಬ್ರಾಹ್ಮಣ ಯುವಕರು ದೀಕ್ಷಾಸ್ನಾನ ಪಡೆದರು. ಊರಿನಲ್ಲಿ ದೊಡ್ಡ ಗದ್ದಲವಾಯಿತು. ಆನಂದರಾವ್‌ಗೆ ಗುರುವಿನ ಹೆಸರೇ ಹೊಸ ಹೆಸರಾಯಿತು: ಹರ್ಮನ್ ಆನಂದರಾವ್ ಕೌಂಡಿನ್ಯ.

ಆ ಕಾಲದಲ್ಲಿ ಮತ ಬಿಟ್ಟರೆ ಏನೇನು ಕಳೆದುಹೋಗುತ್ತಿತ್ತು ಎಂಬುದನ್ನು ನೆನಪಿಡಬೇಕು. ಪಂಕ್ತಿ ಹೋಗುತ್ತಿತ್ತು, ಮನೆಯ ಬಾಗಿಲು ಮುಚ್ಚುತ್ತಿತ್ತು. ಜಾತಿ ಅಥವಾ ಧರ್ಮ ಬಿಟ್ಟ ಕಾರಣಕ್ಕೆ ಆಸ್ತಿಯ ಹಕ್ಕು ಹೋಗಕೂಡದು ಎಂಬ ಕಾನೂನು ದೇಶಕ್ಕೆಲ್ಲ ಬಂದದ್ದು 1850ರಲ್ಲಿ, ಇದಾಗಿ ಆರು ವರ್ಷಕ್ಕೆ. ಸಮುದ್ರ ದಾಟುವುದು ಇನ್ನೊಂದು ದೋಷ. ಆನಂದರಾವ್ ಅದನ್ನೂ ದಾಟಿದರು. 1846ರಲ್ಲಿ ಮೋಗ್ಲಿಂಗ್ ಜೊತೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೊರಟಾಗ 21ರ ಹರೆಯ. ಸೂಯೆಜ್ ಕಾಲುವೆ ತೆರೆಯಲು ಇನ್ನೂ 23 ವರ್ಷವಿತ್ತು. ಯೂರೋಪಿಗೆ ಹೋಗುವವರು ಆಫ್ರಿಕಾ ಖಂಡವನ್ನೇ ಸುತ್ತಬೇಕು, ಇಲ್ಲವೇ ಈಜಿಪ್ಟಿನಲ್ಲಿ ಹಡಗಿಳಿದು ನೆಲದ ಮೇಲೆ ಸಾಗಿ ಆಚೆ ಸಮುದ್ರದಲ್ಲಿ ಮತ್ತೆ ಹಡಗು ಹಿಡಿಯಬೇಕು.

ರೈನ್ ನದಿಯ ದಂಡೆಯ ಆ ಊರಿನಲ್ಲಿ ಐದು ವರ್ಷ. ಜೊತೆಗೆ ಓದುತ್ತಿದ್ದವರಲ್ಲಿ ಹೆಚ್ಚಿನವರು ಜರ್ಮನ್ ಸೀಮೆಯ ರೈತರ, ಕಸುಬುದಾರರ ಮಕ್ಕಳು. 1848ರಲ್ಲಿ ಯೂರೋಪಿನ ಊರೂರಲ್ಲಿ ಕ್ರಾಂತಿಯಾದಾಗಲೂ ಕೌಂಡಿನ್ಯ ಅಲ್ಲೇ ಇದ್ದರು. 1851ರಲ್ಲಿ ಗುರುದೀಕ್ಷೆ ಪಡೆದು ಮಂಗಳೂರಿಗೆ ಮರಳಿದರು. ಆಮೇಲೆ ಬೋಧಕರ ಶಾಲೆಯಲ್ಲಿ ಪಾಠ, ಜಿಲ್ಲೆಯಲ್ಲಿ ಸುತ್ತಾಟ, ಕೊಡಗಿನಲ್ಲಿ ಕೆಲಸ. ಮತಾಂತರಗೊಂಡ ಹೊಲೆಯ ಕೂಲಿಕಾರರಿಗಾಗಿ ಕೊಡಗಿನಲ್ಲಿ ಎದ್ದ ಊರಿಗೆ ಆನಂದಪುರ ಎಂಬ ಹೆಸರು ಬಂದದ್ದು ಇದೇ ಆನಂದರಾವ್‌ರಿಂದ. ಪಂಕ್ತಿಯಿಂದ ಹೊರಬಿದ್ದ ಬ್ರಾಹ್ಮಣನ ಹೆಸರು, ಯಾವ ಪಂಕ್ತಿಗೂ ಸೇರಿಸದಿದ್ದ ಜನರ ಊರಿಗೆ. 1893ರಲ್ಲಿ ಕೌಂಡಿನ್ಯ ತೀರಿಕೊಂಡರು.

ಇಲ್ಲಿಗೆ ನಿಲ್ಲಿಸಿದರೆ ಇದೂ ನಮ್ಮ ಎಂಟು ಸಾಲಿನ ಸುದ್ದಿಯಂತೆಯೇ ಆಗುತ್ತದೆ.

ದೀಕ್ಷಾಸ್ನಾನದ ಹೊತ್ತಿಗೆ ಆನಂದರಾವ್‌ಗೆ ಮದುವೆಯಾಗಿತ್ತು. ಚಿಕ್ಕಂದಿನಲ್ಲೇ ಮದುವೆ ಮಾಡುತ್ತಿದ್ದ ಕಾಲ ಅದು. ಆ ಹೆಣ್ಣುಮಗಳು ಗಂಡನ ಹೊಸ ಮತಕ್ಕೆ ಬರಲಿಲ್ಲ, ಗಂಡನ ಜೊತೆ ಸಂಸಾರವನ್ನೂ ಮಾಡಲಿಲ್ಲ. ಗಂಡ ಹಡಗು ಹತ್ತಿದಾಗಲೂ, ಐದು ವರ್ಷದ ಮೇಲೆ ಇಳಿದಾಗಲೂ ತನ್ನವರ ನಡುವೆಯೇ ಉಳಿದಳು. ಅದು ಆಕೆಯ ನಂಬಿಕೆಯೋ, ಹಿರಿಯರ ತಡೆಯೋ, ಸಿಟ್ಟೋ, ಬರೆದಿಟ್ಟವರು ಆಕೆಯಲ್ಲ. ಮಿಷನರಿಗಳು ತಮ್ಮ ಕೆಲಸದ ವರದಿಯನ್ನು ತಪ್ಪದೆ ಬಾಸೆಲ್‌ಗೆ ಕಳಿಸಬೇಕಿತ್ತು. ಆ ಜರ್ಮನ್ ಕಾಗದಗಳು ಅಲ್ಲಿನ ಪತ್ರಾಗಾರದಲ್ಲಿ ಇಂದಿಗೂ ಜೋಪಾನವಾಗಿವೆ. ಇತಿಹಾಸಕಾರರು ಹೋಗಿ ಓದುತ್ತಾರೆ. ಹೋದವನ ಕಡೆಯ ಮಾತು ಉಳಿದದ್ದು ಹೀಗೆ. ಮನೆಯಲ್ಲಿ ಉಳಿದವಳ ಕಡೆಯಿಂದ ವರದಿ ಬರೆಯುವವರು ಯಾರೂ ಇರಲಿಲ್ಲ.

ಇದು ಒಂದು ಮನೆಯ ಸಂಗತಿಯಲ್ಲ. ಗಂಡ ಕ್ರೈಸ್ತನಾಗಿ ಹೆಂಡತಿ ಬಾರದೆ ಉಳಿದ, ಹೆಂಡತಿ ಹೋಗಿ ಗಂಡ ಬಾರದ ಮನೆಗಳು ಎಷ್ಟಿದ್ದವೆಂದರೆ ಸರ್ಕಾರ 1866ರಲ್ಲಿ ಅದಕ್ಕೆಂದೇ ಒಂದು ಕಾನೂನು ತಂದಿತು. ಮತ ಬದಲಿಸಿದವರು ಸಂಗಾತಿ ಬಾರದಿದ್ದರೆ ಕೋರ್ಟಿಗೆ ಹೋಗಿ ಬಿಡುಗಡೆ ಕೇಳಬಹುದಿತ್ತು. ಆದರೆ ಕೋರ್ಟು ಕೂಡಲೇ ಬರೆದುಕೊಡುವಂತಿರಲಿಲ್ಲ. ಉಳಿದವರನ್ನು ಕರೆಸಿ, ಯಾಕೆ ಹೋಗುವುದಿಲ್ಲ ಎಂದು ನ್ಯಾಯಾಧೀಶರೇ ಕೇಳಬೇಕು. ಆಮೇಲೆ ಒಂದು ವರ್ಷ ಕಾಯಬೇಕು. ಮತ್ತೆ ಕೇಳಬೇಕು. ಉಳಿದವರನ್ನೂ ಒಂದು ಮಾತು ಕೇಳಿ ಎಂದು ಕಾನೂನು ಹೇಳುವ ಹೊತ್ತಿಗೆ ಆನಂದರಾವ್ ದೀಕ್ಷಾಸ್ನಾನ ಪಡೆದು 22 ವರ್ಷವಾಗಿತ್ತು.

1860ರಲ್ಲಿ ಕೌಂಡಿನ್ಯರ ಕೈಹಿಡಿದವರು ಜರ್ಮನಿಯ ಮಾರಿ ರೈನ್‌ಹಾರ್ಟ್. ಈ ಪಯಣವೂ ಹೇಳಬೇಕಾದದ್ದೇ. ಬಾಸೆಲ್ ಮಿಷನರಿಗಳು ಮದುವೆಗೆ ಸಮಿತಿಯ ಅಪ್ಪಣೆ ಪಡೆಯಬೇಕಿತ್ತು. ಎಷ್ಟೋ ಹೆಣ್ಣುಮಕ್ಕಳು ಸರಿಯಾಗಿ ಮುಖವನ್ನೂ ನೋಡದ ಗಂಡನಿಗಾಗಿ ಹಡಗು ಹತ್ತಿ ಬರುತ್ತಿದ್ದರು. ಮೋಗ್ಲಿಂಗ್, ಕಿಟ್ಟೆಲ್ ಹೆಸರು ಹೇಳುವ ನಾವು, ಅದೇ ಹಡಗುಗಳಲ್ಲಿ ಬಂದು ಇಲ್ಲಿನ ಬಿಸಿಲು, ಜ್ವರ, ಬಾಣಂತನ ಕಂಡ ಆ ಹೆಂಗಸರಲ್ಲಿ ಒಬ್ಬರ ಹೆಸರನ್ನೂ ಕ್ಲಾಸಿನಲ್ಲಿ ಬರೆದುಕೊಂಡವರಲ್ಲ.

ಹೊರಟವನು ತಪ್ಪು ಮಾಡಿದ ಎಂದು ನಾವು ಹೇಳುತ್ತಿಲ್ಲ. 19 ತುಂಬುವ ಮೊದಲೇ ಊರನ್ನೇ ಎದುರು ಹಾಕಿಕೊಂಡು ತನಗೆ ಸತ್ಯವೆನಿಸಿದ್ದನ್ನು ಹಿಡಿದು ಹೋಗಲು ಎದೆಗಾರಿಕೆ ಬೇಕು. ನಾವು ಹೇಳುವುದು ಸುದ್ದಿ ಬರೆಯುವವರ ಕೆಲಸದ ಬಗ್ಗೆ. ಫೋಟೊದಲ್ಲಿ ನಿಂತವರು ಸುಲಭಕ್ಕೆ ಸಿಗುತ್ತಾರೆ. ಮಾತು ಅವರ ನಾಲಿಗೆ ತುದಿಯಲ್ಲೇ ಇರುತ್ತದೆ, ಹೇಳಿಕೆ ವಾಟ್ಸಾಪಿನಲ್ಲಿ ಬರುತ್ತದೆ. ಫೋಟೊದ ಆಚೆ ನಿಂತವರ ಹತ್ತಿರ ನಾವೇ ಹೋಗಬೇಕು. ಹೋಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಂಗಳೂರಿನ ಆ ಹೆಣ್ಣುಮಗಳೇ ಸಾಕ್ಷಿ.

ಮೊನ್ನೆ ಹುಲ್ಲಹಳ್ಳಿಗೆ ಹೋದಾಗ ಆ ತಾಯಿಯ ಮನೆಗೆ ಹೋದೆವು. ಕಾಫಿ ಕೊಟ್ಟರು. ಮಗ ಭಾನುವಾರ ಭಾನುವಾರ ವಿಡಿಯೊ ಕಾಲ್ ಮಾಡುತ್ತಾನಂತೆ. 'ಅಲ್ಲಿ ಏನ್ ತಿಂದೆ ಅಂತ ಕೇಳಿದ್ರೆ ಬರೀ ನಗ್ತನೆ' ಅಂದರು. ಮಗ ಹೊರಟ ದಿನ ನಿಮಗೆ ಏನನ್ನಿಸಿತು ಎಂದು ತಡವಾಗಿಯಾದರೂ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದರು. ಮುಕ್ಕಾಲು ಗಂಟೆ ಹೇಳಿದರು. ಎಂಟು ಸಾಲಿನಲ್ಲಿ ಹಿಡಿಸುವ ಮಾತಲ್ಲ ಅದು. ನೋಟ್ ಬುಕ್ಕಿನಲ್ಲಿದೆ.